ನಾಲ್ಕು ಪುಟದ ಚೆಕ್‌ಲಿಸ್ಟ್ ಒಂದು ಕಾರ್ಡಾದ ಕಥೆ

ವಿಮಾನ ಹಾರಿಸಲು ಕಲಿಯುವಾಗ ನಾನು ಮೊದಲ ಸಲ ಮಾಡಿಕೊಂಡ ಚೆಕ್‌ಲಿಸ್ಟ್ ನಾಲ್ಕು ಪುಟ ಇತ್ತು. ಸೆಸ್ನಾ 172ಎನ್ ವಿಮಾನದ ಕೈಪಿಡಿಯನ್ನು ಎದುರಿಗಿಟ್ಟುಕೊಂಡು, ಪ್ರತಿ ಸಾಲಿನ ಪಕ್ಕ ಯಾಕೆ, ಹೇಗೆ ಅಂತ ವಿವರಣೆಯನ್ನೂ ಬರೆದಿದ್ದೆ. ಇಂಜಿನ್ ಸದ್ದಿನ ನಡುವೆ ತೊಡೆಯ ಮೇಲಿಟ್ಟು ನೋಡಿದರೆ ಬೇಕಾದ ಸಾಲೇ ಸಿಗದು. ನಮ್ಮ ಇನ್‌ಸ್ಟ್ರಕ್ಟರ್ ತಿರುವಿ ಹಾಕಿ, "ನೋಟ್ಸ್ ಚೆನ್ನಾಗಿದೆ. ಚೆಕ್‌ಲಿಸ್ಟ್ ಎಲ್ಲಿ?" ಅಂದರು.

ಆಗ ವಿವರಣೆಯನ್ನೆಲ್ಲ ಕಿತ್ತುಹಾಕಿದೆ. ಕೆಲಸವನ್ನು ಕೈ ಮೊದಲು ಮಾಡಿ ಮುಗಿಸಬೇಕು, ಏನಾದರೂ ಬಿಟ್ಟುಹೋಯಿತೇ ಅಂತ ಕಾರ್ಡ್ ಹಿಡಿದು ನೋಡಬೇಕು. ಅದಕ್ಕೆ ಸಾಲುಗಳನ್ನು ಕೈ ಓಡುವ ದಾರಿಯಲ್ಲೇ ಜೋಡಿಸಿದೆ: ಕೆಳಗೆ ಫ್ಯುಯೆಲ್ ಸೆಲೆಕ್ಟರ್ (ಯಾವ ಟ್ಯಾಂಕಿನ ಇಂಧನ ಅಂತ ಆರಿಸುವುದು), ಅಲ್ಲಿಂದ ಟ್ರಿಮ್ (ಮೂತಿಯ ಏರಿಳಿತ ಹೊಂದಿಸುವ ಚಕ್ರ), ಮಿಕ್ಸ್ಚರ್ (ಗಾಳಿಗೆ ಬೆರೆಯುವ ಇಂಧನದ ಪ್ರಮಾಣ), ಥ್ರಾಟಲ್ (ಇಂಜಿನ್ ಪವರ್), ಕಾರ್ಬ್ ಹೀಟ್ (ಇಂಧನ, ಗಾಳಿ ಬೆರೆಸುವ ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಬಿಡುವುದು), ಆಮೇಲೆ ಎಡಕ್ಕೆ ಸ್ವಿಚ್‌ಗಳು, ಇಂಜಿನ್ ಕೀ.

ಇಲ್ಲೇ ಎಡವಿದ್ದು. ಇಳಿಯುವ ಮುಂಚಿನ ಭಾಗದಲ್ಲೂ ಅದೇ ಉತ್ಸಾಹದಲ್ಲಿ ಥ್ರಾಟಲ್ ಮೊದಲು, ಕಾರ್ಬ್ ಹೀಟ್ ಆಮೇಲೆ ಅಂತ ಬರೆದುಬಿಟ್ಟಿದ್ದೆ. ಕಾರ್ಬ್ ಹೀಟಿಗೆ ಬಿಸಿ ಬರುವುದು ಇಂಜಿನ್ನಿನ ಹೊಗೆಕೊಳವೆಯಿಂದ. ಪವರ್ ಇಳಿಸಿದ ಮೇಲೆ ಆ ಬಿಸಿಯೂ ಇಳಿಯುತ್ತದೆ, ಕಾರ್ಬ್ಯುರೇಟರಿನಲ್ಲಿ ಮಂಜುಗಡ್ಡೆ ಕಟ್ಟುವ ಅಪಾಯ ಏರುತ್ತದೆ. ಹಾಗಾಗಿ ಕಾರ್ಬ್ ಹೀಟ್ ಎಳೆಯಬೇಕಾದದ್ದು ಪವರ್ ಇಳಿಸುವ ಮುಂಚೆ. ಅಂದಿನಿಂದ ಕಾರಣ ತಿಳಿಯದ ಸಾಲನ್ನು ಕೈಪಿಡಿಯ ಜಾಗದಿಂದ ಕದಲಿಸಿಲ್ಲ. ಹೊಸ ಕಾರ್ಡನ್ನು ಇನ್‌ಸ್ಟ್ರಕ್ಟರ್ ನೋಡದೆ ವಿಮಾನಕ್ಕೂ ಒಯ್ದಿಲ್ಲ.

ರನ್‌ಅಪ್‌ನಲ್ಲಿ, ಅಂದರೆ ಹಾರುವ ಮುಂಚಿನ ಇಂಜಿನ್ ಪರೀಕ್ಷೆಯಲ್ಲಿ, ಅಂಕಿಗಳನ್ನು ಸಾಲಿನಲ್ಲೇ ಹಾಕಿದ್ದೇನೆ: ಇಂಜಿನ್ ವೇಗ 1700 ಆರ್‌ಪಿಎಂ (ನಿಮಿಷಕ್ಕೆ ಸುತ್ತು), ಇಂಜಿನ್ನಿಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೋಗಳಲ್ಲಿ ಒಂದನ್ನೇ ಇಟ್ಟಾಗ ಇಳಿತ 125 ಮೀರಬಾರದು, ಎರಡರ ನಡುವಿನ ವ್ಯತ್ಯಾಸ 50 ಮೀರಬಾರದು. ಒಂದು ದಿನ ಕೀ ಎಡ ಮ್ಯಾಗ್ನೆಟೋ ಮೇಲಿದ್ದಾಗಲೇ ಟವರ್ ಕರೆಯಿತು. ಉತ್ತರ ಕೊಟ್ಟು, ಕಾರ್ಡಿಗೆ ಮರಳಿ, ಮುಂದಿನ ಸಾಲಿನಿಂದ ಶುರುಮಾಡಿದೆ. ಒಂದೇ ಮ್ಯಾಗ್ನೆಟೋದಲ್ಲೂ ಇಂಜಿನ್ ಓಡುತ್ತಲೇ ಇರುತ್ತದಲ್ಲ, ನನಗೇನೂ ಗೊತ್ತಾಗಲಿಲ್ಲ. ರನ್‌ವೇಗೆ ಹೋಗುವ ಮುಂಚೆ ಪಕ್ಕದ ಸೀಟಿನಿಂದ ಒಂದು ಬೆರಳು ಸುಮ್ಮನೆ ಕೀ ಕಡೆ ತೋರಿಸಿತು. ಮೈ ಬೆವರಿತು.

ಈಗ ಓದುತ್ತಿರುವ ಸಾಲಿನ ಮೇಲೆ ಹೆಬ್ಬೆರಳು ಇರುತ್ತದೆ. ನಡುವೆ ಯಾರಾದರೂ ಕರೆದರೆ ಆ ಭಾಗವನ್ನು ಮೊದಲ ಸಾಲಿನಿಂದ ಮತ್ತೆ ಓದುತ್ತೇನೆ. ಹಾರುವ ಮುಂಚಿನ ಕೊನೆಯ ಮೂರು ಸಾಲು ದಪ್ಪಕ್ಷರದಲ್ಲಿವೆ: ಕೀ ಬೋತ್ (ಎರಡೂ ಮ್ಯಾಗ್ನೆಟೋ), ಸೆಲೆಕ್ಟರ್ ಬೋತ್ (ಎರಡೂ ಟ್ಯಾಂಕು), ಕಂಟ್ರೋಲ್ ಮುಕ್ತ (ವಿಮಾನ ತಿರುಗಿಸುವ ಹಿಡಿಕೆ, ಪೆಡಲ್ ಸರಾಗ). ಮೂರನೆಯದು ಅತಿ ಎನಿಸಿದರೆ 1935ರ ಬೋಯಿಂಗ್ ಮಾಡೆಲ್ 299 ವಿಮಾನದ ಅಪಘಾತ ನೆನಪಿಸಿಕೊಳ್ಳಿ. ನುರಿತ ಪೈಲಟ್‌ಗಳೇ ಇದ್ದರು, ನಿಂತಾಗ ಕಂಟ್ರೋಲ್ ಅಲುಗದಂತೆ ಹಾಕುವ ಲಾಕ್ ತೆಗೆಯದೆ ಮೇಲೇರಿ ಬಿದ್ದರು.

ಇಂಜಿನ್ ಕೈಕೊಟ್ಟಾಗ ಕಾರ್ಡ್ ಹುಡುಕುವಂತಿಲ್ಲ. 65 ನಾಟ್ ವೇಗದಲ್ಲಿ ಗ್ಲೈಡ್ (ಇಂಜಿನ್ ಇಲ್ಲದೆ ತೇಲುತ್ತಾ ಇಳಿಯುವುದು), ಇಳಿಯಲು ಜಾಗ, ಕಾರ್ಬ್ ಹೀಟ್, ಸೆಲೆಕ್ಟರ್, ಮಿಕ್ಸ್ಚರ್, ಕೀ: ಇಷ್ಟು ಬಾಯಿಪಾಠ. ಕಾರ್ಡಿನ ಹಿಂಬದಿಯಲ್ಲಿರುವುದು ಆಮೇಲೆ ಸಮಯ ಉಳಿದರೆ ತಾಳೆ ನೋಡಲಿಕ್ಕೆ. ಅದನ್ನು ಕೆಂಪಕ್ಷರದಲ್ಲಿ ಅಚ್ಚು ಮಾಡಿದ್ದೆ. ಕಾಕ್‌ಪಿಟ್ಟಿನ ಕೆಂಪು ದೀಪದಡಿ ಅಕ್ಷರಗಳೇ ಮಾಯ! ಕಪ್ಪಿಗೆ ಬದಲಾಯಿಸಿದೆ.

ಮುಂದೆ 172ಎಸ್ ಹಾರಿಸಲು ಶುರುಮಾಡಿದಾಗ ಹಳೆಯದನ್ನು ತಿದ್ದಲು ಹೋಗಲಿಲ್ಲ. 172ಎಸ್‌ನಲ್ಲಿ ಕಾರ್ಬ್ ಹೀಟೇ ಇಲ್ಲ, ಫ್ಯುಯೆಲ್ ಪಂಪ್ ಇದೆ, ಗ್ಲೈಡ್ ವೇಗ 68. ಖಾಲಿ ಹಾಳೆಯಿಂದ ಹೊಸ ಕಾರ್ಡ್ ಮಾಡಿ, ಹಳೆಯದನ್ನು ಬ್ಯಾಗಿನಿಂದ ತೆಗೆದು ಮನೆಯಲ್ಲಿಟ್ಟೆ.