‘ಹಾರ್ಡ್ಲಿ’ ಬರೆಯುವ ಮುನ್ನ

ಇಂಗ್ಲಿಷಿನಲ್ಲಿ ‘ಹಾರ್ಡ್ಲಿ’ ಬರೆಯುವಾಗ ಅದರ ಜಾಗದಲ್ಲಿ ‘ಇಲ್ಲವೆನ್ನುವಷ್ಟು ಕಡಿಮೆ’ ಎಂದಿಟ್ಟು ಓದಿಕೊಳ್ಳಿ. ಕೆಲಸದ ಅರ್ಜಿಯಲ್ಲಿ ‘ಐ ಹಾರ್ಡ್ಲಿ ವರ್ಕ್’ ಎಂದರೆ, ದುಡಿಯುವುದೇ ಅಪರೂಪ ಎಂದು ನೀವೇ ಒಪ್ಪಿಕೊಂಡಂತೆ! ಕಷ್ಟಪಟ್ಟು ದುಡಿಯುತ್ತೇನೆ ಎನ್ನಲು ‘ಐ ವರ್ಕ್ ಹಾರ್ಡ್’ ಸಾಕು; ‘ಹಾರ್ಡ್’ ‘-ಲಿ’ ಎಂಬ ಬಾಲವಿಲ್ಲದೆಯೇ ಕ್ರಿಯಾವಿಶೇಷಣ. ‘ಹಾರ್ಡ್ಲಿ’ಗೂ ಹಿಂದೆ ‘ಕಷ್ಟದಿಂದ’ ಎಂಬ ಅರ್ಥವಿತ್ತು, ಅದು ಸವೆಯುತ್ತಾ ‘ಇಲ್ಲ’ದ ಅಂಚಿಗೆ ಬಂದು ನಿಂತಿದೆ. ನಿಷೇಧ ಒಳಗೇ ಇರುವುದರಿಂದ ಜೊತೆಗೆ ‘ನಾಟ್’ ಬೇಡ: ‘ಐ ಕ್ಯಾನ್ ಹಾರ್ಡ್ಲಿ ಹಿಯರ್ ಯೂ’ ಎಂದರೆ ನಿಮ್ಮ ದನಿ ಕೇಳಿಸಿಯೂ ಕೇಳಿಸದಂತಿದೆ. ‘ಇಲ್ಲವೆನ್ನುವಷ್ಟು ಕಡಿಮೆ’ ಎಂದಿಟ್ಟು ಓದುವ ಉಪಾಯ ಕೈಕೊಡುವುದು ವಾಕ್ಯ ‘ಹಾರ್ಡ್ಲಿ ಹ್ಯಾಡ್’ ಎಂದು ಶುರುವಾದಾಗ. ಅಲ್ಲಿ ‘ಬಸ್ ಇಳಿದದ್ದೇ ತಡ, ಮಳೆ ಸುರಿಯಿತು’ ಎನ್ನುವಾಗಿನ ನಮ್ಮ ‘ತಡ’ವೇ ಸರಿಯಾದ ಜೋಡಿ.