ವಿದೇಶಿ ಖರೀದಿದಾರರ ಆಡಿಟ್ ಇದೆಯೇ? ಮೊದಲು ಆಪರೇಟರ್‌ಗೆ ಮಾತಾಡಲು ಬಿಡಿ

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರಿನ ಬಿಡಿಭಾಗ ಘಟಕಗಳಿಗೆ ಜಪಾನಿನವರೋ ಜರ್ಮನಿಯವರೋ ಪರಿಶೀಲನೆಗೆ ಬರುವುದು ಈಗ ಹೊಸದೇನಲ್ಲ. ಬಂದವರು ನಗುನಗುತ್ತಾ ಊಟ ಮಾಡಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ; ಆರ್ಡರ್ ಮಾತ್ರ ಬರುವುದಿಲ್ಲ. ದರ ಜಾಸ್ತಿಯಾಯಿತೇನೋ ಎಂದು ಮಾಲೀಕರು ತಲೆ ಕೆರೆದುಕೊಳ್ಳುತ್ತಾರೆ. ನಾನು ಕಂಡಂತೆ ಬಹಳಷ್ಟು ಸಲ ಕೆಲಸ ಕೆಡುವುದು ಮಷಿನ್‌ಗಳು ಓಡುವ ಶಾಪ್ ಫ್ಲೋರ್‌ನಲ್ಲಿ ಯಾರು ಮಾತಾಡಿದರು, ಯಾರು ಬಾಯಿ ಮುಚ್ಚಿಕೊಂಡರು ಎಂಬುದರಿಂದ.

1. ನಿಮ್ಮನ್ನು ನೀವೇ ಅಳೆದುಕೊಳ್ಳಿ

ಡಚ್ ವಿದ್ವಾಂಸ ಗೀರ್ಟ್ ಹಾಫ್‌ಸ್ಟೆಡ್ ಐಬಿಎಂ ಕಂಪನಿಯ ನೌಕರರ ನಡುವೆ 1967ರಿಂದ 1973ರವರೆಗೆ ನಡೆದ ಸಮೀಕ್ಷೆಯನ್ನು ಆಧರಿಸಿ ದೇಶಗಳಿಗೆ ಅಂಕ ಕೊಟ್ಟರು. ಮೇಲಿನವರ ಅಧಿಕಾರವನ್ನು ಕೆಳಗಿನವರು ಎಷ್ಟು ಸಹಜವೆಂದು ಒಪ್ಪಿಕೊಳ್ಳುತ್ತಾರೆ ಎಂಬ ಅಳತೆಯಲ್ಲಿ ಭಾರತಕ್ಕೆ 77, ಜಪಾನಿಗೆ 54, ಜರ್ಮನಿಗೆ 35. ಅನಿಶ್ಚಿತತೆ ಕಂಡರೆ ಆಗದಿರುವುದರಲ್ಲಿ ಜಪಾನ್ 92, ಜರ್ಮನಿ 65, ನಾವು 40. ಒಂದೇ ಕಂಪನಿಯ ನೌಕರರನ್ನು ನೋಡಿ ಇಡೀ ದೇಶಕ್ಕೆ ಅಂಕ ಹಾಕಿದ್ದಕ್ಕೆ ವಿದ್ವಾಂಸರ ತಕರಾರಿದೆ, ಅದು ನ್ಯಾಯವೂ ಹೌದು. ಬಂದ ಅತಿಥಿಯನ್ನು ಈ ಅಂಕಿಗಳಿಂದ ತೂಗಲು ಹೋಗಬೇಡಿ. ಆ 77 ನಿಮ್ಮ ಶೆಡ್ಡಿನಲ್ಲಿ ಎಲ್ಲೆಲ್ಲಿ ಕೂತಿದೆ ಎಂದು ಹುಡುಕಿ, ಸಾಕು.

2. ಶಿಷ್ಟಾಚಾರ

ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಕೊಡಿ, ಹೇಳಿದ ಹೊತ್ತಿಗೆ ಗೇಟಿನಲ್ಲಿರಿ. ಇಷ್ಟು ಸಾಕು. ಹೋಟೆಲಿನಲ್ಲಿ ಒಂದು ದಿನ ಕೂರಿಸಿ ಬಗ್ಗಿ ನಮಸ್ಕರಿಸುವುದನ್ನು ಕಲಿಸುವ ತರಬೇತಿಗಳಿಗೆ ದುಡ್ಡು ಸುರಿಯಬೇಡಿ. ಮೈಸೂರು ಪೇಟ, ಶಾಲು, ಹಾರಗಳಿಗೆ ಅರ್ಧ ಗಂಟೆ ಹೋದರೆ ಅಷ್ಟು ಹೊತ್ತು ಫ್ಲೋರ್ ನೋಡುವುದಕ್ಕೆ ಖೋತಾ.

3. ಆಪರೇಟರ್ ಮಾತಾಡಬೇಕು

ಎಲ್ಲರೂ ಎಡವುವುದು ಇಲ್ಲಿ. ಆಡಿಟರ್ ಲೇತ್ ಮುಂದೆ ನಿಂತು, 'ಪೀಸ್ ಅಳತೆ ತಪ್ಪಿದರೆ ಏನು ಮಾಡುತ್ತೀರಿ?' ಎಂದು ಆಪರೇಟರ್‌ನನ್ನು ಕೇಳುತ್ತಾರೆ. ಅವನು ಸೂಪರ್‌ವೈಸರ್ ಮುಖ ನೋಡುತ್ತಾನೆ. ಸೂಪರ್‌ವೈಸರ್ ಮಾಲೀಕರ ಮುಖ ನೋಡುತ್ತಾನೆ. ಮಾಲೀಕರು ಮುಂದೆ ಬಂದು ಇಂಗ್ಲಿಷಿನಲ್ಲಿ ಸೊಗಸಾಗಿ ಉತ್ತರಿಸುತ್ತಾರೆ. ನಮ್ಮ ಕಣ್ಣಿಗೆ ಇದು ದೊಡ್ಡವರ ಮುಂದೆ ತೋರಿಸುವ ಮರ್ಯಾದೆ. ಆಡಿಟರ್ ಕಣ್ಣಿಗೆ ಕಾಣುವುದೇ ಬೇರೆ: ಈ ಮನುಷ್ಯನಿಗೆ ಮಷಿನ್ ನಿಲ್ಲಿಸುವ ಅಧಿಕಾರವಿಲ್ಲ, ಕೆಟ್ಟ ಪೀಸ್ ಪೆಟ್ಟಿಗೆ ಸೇರುತ್ತದೆ. ದೋಷ ಕಂಡ ಯಾವ ಕಾರ್ಮಿಕನಾದರೂ ಹಗ್ಗ ಎಳೆದು ಸಹಾಯ ಕರೆಯಬಹುದು, ತೊಂದರೆ ಬಗೆಹರಿಯದಿದ್ದರೆ ಲೈನ್ ನಿಲ್ಲುತ್ತದೆ ಎಂಬ ಟೊಯೊಟಾದ ಪದ್ಧತಿಯಲ್ಲಿ ಪಳಗಿ ಬಂದವರಿಗೆ ಇದಕ್ಕಿಂತ ದೊಡ್ಡ ಅಪಶಕುನವಿಲ್ಲ.

ಹಾಗಾಗಿ ಕನಿಷ್ಠ ಒಂದು ತಿಂಗಳು ಮೊದಲೇ ಶುರು ಮಾಡಿ. ದಿನಾ ಶಿಫ್ಟ್ ಆರಂಭದಲ್ಲಿ ಐದು ನಿಮಿಷ ಮಾಲೀಕರಿಲ್ಲದ ಸಭೆ ನಡೆಯಲಿ. ನಿನ್ನೆ ಏನು ಕೆಟ್ಟಿತೆಂದು ಆಪರೇಟರ್‌ಗಳೇ ಹೇಳಲಿ. ಮೊದಲ ವಾರ ಯಾರೂ ತುಟಿ ಬಿಚ್ಚುವುದಿಲ್ಲ, ಗಾಬರಿಯಾಗಬೇಡಿ. ಯಾರಾದರೂ ಮಷಿನ್ ನಿಲ್ಲಿಸಿದರೆ ಆ ದಿನ ಬೈಯಲೇಬಾರದು, ನಿಲ್ಲಿಸಿದ್ದು ತಪ್ಪಾಗಿದ್ದರೂ. ಒಮ್ಮೆ ಬೈದಿರೋ, ತಿಂಗಳ ಶ್ರಮ ನೀರುಪಾಲು. ಉತ್ತರಗಳನ್ನು ಬಾಯಿಪಾಠ ಮಾಡಿಸುವ ಅಡ್ಡದಾರಿಯೂ ಬೇಡ; ಆಡಿಟರ್ ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ.

ಆಪರೇಟರ್ ತನಗೆ ಸಲೀಸಾದ ಮಾತಿನಲ್ಲೇ ಹೇಳಲಿ, ಕನ್ನಡವೋ ತೆಲುಗೋ. ಕೋಲಾರದ ಫ್ಲೋರ್‌ನಲ್ಲಿ ಎರಡೂ ನಡೆಯುತ್ತವೆ. ದುಭಾಷಿಯಾಗಿ ಮಾಲೀಕರ ಅಳಿಯನನ್ನಂತೂ ನಿಲ್ಲಿಸಬೇಡಿ, ಅವನು ಉತ್ತರಕ್ಕೆ ಪಾಲಿಶ್ ಹಾಕುತ್ತಾನೆ. ಕ್ವಾಲಿಟಿ ವಿಭಾಗದ ಡಿಪ್ಲೊಮಾ ಹುಡುಗಿಯೊಬ್ಬಳು ಸಾಕು. ಮಾಲೀಕರು ಹತ್ತು ಹೆಜ್ಜೆ ಹಿಂದಿರಲಿ.

4. ದೋಷದ ವರದಿ

ಜರ್ಮನ್ ವಾಹನ ಕಂಪನಿಗಳು ದೋಷ ಕಂಡರೆ ಎಂಟು ಹಂತಗಳ 8ಡಿ ವರದಿ ಕೇಳುತ್ತವೆ. ಮೂಲ ಕಾರಣದ ಜಾಗದಲ್ಲಿ ನಮ್ಮವರು ತಪ್ಪದೆ ಬರೆಯುವುದು 'ಆಪರೇಟರ್ ನಿರ್ಲಕ್ಷ್ಯ, ತಿಳಿವಳಿಕೆ ನೀಡಲಾಗಿದೆ' ಎಂದು. ಅದು ಹಾಗೆಯೇ ವಾಪಸ್ ಬರುತ್ತದೆ. ತಪ್ಪು ನಡೆಯಲು ಪೀಸ್ ಹಿಡಿದಿಡುವ ಫಿಕ್ಸ್‌ಚರ್, ಅಳತೆ ನೋಡುವ ಗೇಜ್, ಬೆಳಕು, ಓವರ್‌ಟೈಮ್ ಪೈಕಿ ಯಾವುದು ಎಡೆ ಮಾಡಿಕೊಟ್ಟಿತು, ಅದನ್ನು ಬರೆಯಿರಿ. ಮೂರೇ ದಿನದಲ್ಲಿ ಗುಣಮಟ್ಟದ ಐಎಸ್‌ಒ ಸರ್ಟಿಫಿಕೇಟ್ ಕೊಡಿಸುತ್ತೇವೆನ್ನುವ ಏಜೆಂಟರ ಸಿದ್ಧ ಫೈಲುಗಳಲ್ಲಿ ಇದಕ್ಕೆ ಉತ್ತರವಿರುವುದಿಲ್ಲ.

5. ಸಂಬಳದ ಕಡತ

ಇದನ್ನು ಲೆಕ್ಕಿಗರ ತಲೆಗೆ ಕಟ್ಟಿ ಮರೆಯಬೇಡಿ. 2020ರ ಡಿಸೆಂಬರ್‌ನಲ್ಲಿ, ಆಪಲ್‌ಗೆ ಐಫೋನ್ ಜೋಡಿಸಿಕೊಡುತ್ತಿದ್ದ ನರಸಾಪುರದ ವಿಸ್ಟ್ರಾನ್ ಘಟಕದಲ್ಲಿ ವೇತನದ ಅಸಮಾಧಾನ ಗಲಭೆಯಾಗಿ ಸಿಡಿದಾಗ, ಕೆಲವರಿಗೆ ಸಂಬಳ ಸರಿಯಾಗಿ ಪಾವತಿಯಾಗಿರಲಿಲ್ಲ ಎಂದು ಆ ತೈವಾನ್ ಕಂಪನಿಯೇ ಒಪ್ಪಿಕೊಂಡಿತು. ಸರಿಪಡಿಸುವವರೆಗೂ ಹೊಸ ಆರ್ಡರ್ ಇಲ್ಲ ಎಂದಿತು ಆಪಲ್. ಗುತ್ತಿಗೆ ಕಾರ್ಮಿಕರ ಓವರ್‌ಟೈಮ್ ಚೀಟಿಯೂ ಕಡತದಲ್ಲಿರಲಿ.

6. ತಾರೀಕು ಕೊಡುವಾಗ

'ಆಗುತ್ತೆ ಸಾರ್, ನೋಡೋಣ' ಎನ್ನುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ತಡವಾಗುವ ಸೂಚನೆ ಸಿಕ್ಕ ದಿನವೇ ಇಮೇಲ್ ಮಾಡಿ. ಹೊಸ ತಾರೀಕು, ಕಾರಣ ಎರಡೂ ಇರಲಿ. ಕೊನೆಯ ದಿನ ಫೋನ್ ಮಾಡಿ ಗೋಳು ಹೇಳಿಕೊಳ್ಳಬೇಡಿ. ಆರ್ಡರ್ ಬಂದ ವಾರವೇ ರಜೆಗಳ ಪಟ್ಟಿ ಅದಲುಬದಲಾಗಲಿ: ಜಪಾನಿನಲ್ಲಿ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಗೋಲ್ಡನ್ ವೀಕ್, ತೈವಾನಿನಲ್ಲಿ ಚಾಂದ್ರಮಾನ ಹೊಸ ವರ್ಷ. ನಿಮ್ಮ ಪಟ್ಟಿಯಲ್ಲಿ ಸಂಕ್ರಾಂತಿ, ಯುಗಾದಿ ಬರೆದು, ಆಯುಧಪೂಜೆಯ ಮುಂದೆ 'ಅಂದು ಮಷಿನ್‌ಗಳಿಗೇ ಪೂಜೆ, ಒಂದೂ ಓಡುವುದಿಲ್ಲ' ಎಂದು ಸೇರಿಸಿಬಿಡಿ.