‘ದಾರಿ’ ಅರ್ಥದ ಹೆಸರು ಹುಡುಕುವಾಗ

ನನ್ನ ತಂಗಿಯ ಮಗುವಿಗೆ ಹೆಸರು ಹುಡುಕಲು ಕೂತಾಗ ಅವಳ ಆಸೆ ಒಂದೇ: ‘ದಾರಿ’ ಅಂತ ಅರ್ಥ ಬರಬೇಕು. ಒಂದು ನೋಟ್‌ಬುಕ್ ತುಂಬ ಬರೆದೆ. ಅದರಿಂದ ಕಲಿತದ್ದು ಇಷ್ಟು.

ಮೊದಲು ಮೂಲ ಲಿಪಿಯನ್ನು ನೋಡಿ. ನಾನು ಉತ್ಸಾಹದಿಂದ ‘ತಾರಿಕ್’ ಬರೆದಿದ್ದೆ. ಅರಬ್ಬಿಯಲ್ಲಿ ದಾರಿ ಅಂದರೆ ‘ತರೀಕ್’. ದೀರ್ಘ ಬರುವ ಜಾಗವೇ ಬೇರೆ, ನೋಡಿ. ‘ತಾರಿಕ್’ ಅಂದರೆ ಬಾಗಿಲು ತಟ್ಟುವವನು, ರಾತ್ರಿ ಬರುವವನು. ರಾತ್ರಿ ಕಾಣುವ ನಕ್ಷತ್ರಕ್ಕೂ ಆ ಮಾತಿದೆ. ಚೆಂದದ ಹೆಸರೇ, ಆದರೆ ದಾರಿ ಅಲ್ಲ.

ಜಪಾನಿನ ‘ಮಿಚಿ’ಯಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಆ ಪದಕ್ಕೆ ದಾರಿ ಅನ್ನುವ ಅರ್ಥ ಇದೆ, ನಿಜ. ಆದರೆ ‘ಮಿಚಿಕೊ’ ಅನ್ನುವ ಹೆಸರನ್ನು ಬೇರೆ ಬೇರೆ ಕಾಂಜಿ ಅಕ್ಷರಗಳಲ್ಲಿ, ಅಂದರೆ ಒಂದೊಂದಕ್ಕೂ ತನ್ನದೇ ಅರ್ಥ ಇರುವ ಚೀನೀ ಮೂಲದ ಅಕ್ಷರಗಳಲ್ಲಿ, ಬರೆಯಬಹುದು. ಒಂದರಲ್ಲಿ ದಾರಿ, ಇನ್ನೊಂದರಲ್ಲಿ ಸೌಂದರ್ಯ ಮತ್ತು ಜಾಣತನ. ಉಚ್ಚಾರ ಮಾತ್ರ ಒಂದೇ! ಅಕ್ಷರ ನೋಡದೆ ಸುಮ್ನೆ ಅರ್ಥ ಹೇಳಬೇಡಿ.

ಹೀಬ್ರೂವಿನ ‘ನತೀವ್’ ಸಲೀಸು, ನೇರವಾಗಿ ದಾರಿ ಅಂತಲೇ ಅರ್ಥ. ವಿಯೆಟ್ನಾಮಿನ ‘ದಾವ್’ ನಡೆಯುವ ದಾರಿಗಿಂತ ಬದುಕಿನ ದಾರಿಯನ್ನು ಹೇಳುತ್ತದೆ. ಸಂಸ್ಕೃತದ ‘ಪಥಿಕ್’ ದಾರಿಯಲ್ಲ, ದಾರಿಹೋಕ. ‘ಅಯನ’ದಲ್ಲಿ ನಡಿಗೆಯೂ ಇದೆ, ದಾರಿಯೂ ಇದೆ, ಉತ್ತರಾಯಣದಲ್ಲಿ ಇರುವುದು ಅದೇ ಅಲ್ವಾ?

ಆಮೇಲೆ ಆ ಭಾಷೆ ಆಡುವವರೊಬ್ಬರಿಂದ ಹೆಸರು ಹೇಳಿಸಿ ಕೇಳಿ. ಕೊನೆಗೆ ಉಳಿದದ್ದನ್ನು ಮಗುವನ್ನು ಕರೆಯುವ ಹಾಗೆ ಜೋರಾಗಿ ಹತ್ತು ಸಲ ಕೂಗಿ ನೋಡಿ. ತಂಗಿ ಹಾಗೆ ಕೂಗಿಯೇ ‘ಅಯನ’ ಅಂತ ಇಟ್ಟಳು.